ಚಾರ್ಟಿನ ಹಿಂಬದಿ

ವನಿತಾ ಸಿಸ್ಟರಿಗೆ ತಮ್ಮ ಕೆಲಸದ ಬಗ್ಗೆ ಇದ್ದ ಜಂಬ ಸಣ್ಣದಲ್ಲ. ಬೆಟಗೇರಿಯ ಆಸ್ಪತ್ರೆಯೊಂದರ ಕಣ್ಣಿನ ವಿಭಾಗದಲ್ಲಿ ಮೂವತ್ತೊಂದು ವರ್ಷ ನರ್ಸಾಗಿ ದುಡಿದು ನಿವೃತ್ತರಾದವರು. "ನನ್ನ ಕೈ ದಾಟಿ ಒಂದು ಮಂಜುಗಣ್ಣೂ ಹೋಗಿಲ್ಲ ನೋಡ್ರಿ" ಎಂದು ಚರ್ಚಿನ ಅಂಗಳದಲ್ಲಿ ಹೇಳಿಕೊಳ್ಳದ ಭಾನುವಾರವೇ ಇರಲಿಲ್ಲ. ದಸರಾ ರಜೆಯಲ್ಲಿ ಸಭೆಯ ಆರು ಮಂದಿ ಮಕ್ಕಳ ಸೇವೆಗೆಂದು ಹಿರೇವಡ್ಡಟ್ಟಿಗೆ ಹೊರಟಾಗ, ಯಾರೂ ಕರೆಯುವ ಮೊದಲೇ ಲೆನ್ಸಿನ ಪೆಟ್ಟಿಗೆ ಹಿಡಿದು ಟ್ರ್ಯಾಕ್ಸ್ ಗಾಡಿಯ ಮುಂದಿನ ಸೀಟಿನಲ್ಲಿ ಕೂತಿದ್ದರು.

ಹತ್ತು ದಿನ ಊರಿನ ಶಾಲೆಯಲ್ಲಿ ಹಾಡು, ಬೈಬಲ್ ಕಥೆ, ಆಟ, ಮಧ್ಯಾಹ್ನ ಬಿಸಿ ಊಟ. ಮೊದಲೆರಡು ದಿನ ಸಿಸ್ಟರ್ ಗೋಡೆಗೆ ಅಕ್ಷರದ ಚಾರ್ಟು ತೂಗುಹಾಕಿ, ಎಂಬತ್ತೆರಡು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಣ್ಣು ನೋಡಿದ್ದರು. ಐವರಿಗೆ ಗದಗಿನಿಂದ ಕನ್ನಡಕವೂ ಬಂದಿತ್ತು.

ಇವತ್ತು ಕೊನೆಯ ದಿನ. ಬೆಳಗ್ಗೆ ನಡೆದ ಬಾಯಿಪಾಠದ ಸ್ಪರ್ಧೆಯಲ್ಲಿ ಒಂಬತ್ತು ವರ್ಷದ ಕಾಂಚನಾ ಇಡೀ ಒಂದು ಕೀರ್ತನೆಯನ್ನು ಒಂದೇ ಉಸಿರಿಗೆ ಒಪ್ಪಿಸಿ ಮೊದಲ ಬಹುಮಾನ ಹೊಡೆದಳು. ಅವಳ ಅಜ್ಜಿ ಶಾರದವ್ವನ ಮುಖ ಅರಳಿತ್ತು.

"ಒಮ್ಮೆ ಕಿವಿಗೆ ಬಿದ್ರ ಮುಗದ್ಹೋತ್ರಿ ಸಿಸ್ಟರ್ರ, ಬಿಡಂಗಿಲ್ಲ ಅಕಿ. ಆದ್ರ ಶಾಲ್ಯಾಗ ಹಲಗಿ ಮ್ಯಾಲಿಂದು ಬರಕೊಳ್ಳಂಗಿಲ್ಲಂತ. ಮೈಗಳ್ಳಿ ಅಂತಾರ."

ಸಿಸ್ಟರ್ ಹುಡುಗಿಯ ಕೆನ್ನೆ ಚಿವುಟಿ ನಕ್ಕರೇ ಹೊರತು ಆ ಮಾತಿಗೆ ಕಿವಿಗೊಡಲಿಲ್ಲ.

ಊಟವಾದ ಮೇಲೆ ಸಿಸ್ಟರ್ ಚಾರ್ಟು ಸುತ್ತಿ ಚೀಲಕ್ಕೆ ಸೇರಿಸಿದರು. ಆ ಮೊಳೆಗೆ ಶಾಲೆಯ ಹಳೇ ಕ್ಯಾಲೆಂಡರು ವಾಪಸ್ಸು ಬಂತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮಕ್ಕಳ ಗದ್ದಲ ಕೇಳಿ ಬಗ್ಗಿ ನೋಡಿದರೆ ಸಿಸ್ಟರ ಕಣ್ಣಿನ ಪರೀಕ್ಷೆಯದೇ ಆಟ ನಡೆದಿದೆ! ಕಾಂಚನಾ ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು, ಗೋಡೆಯತ್ತ ನೋಡುತ್ತ, ಚಾರ್ಟಿನ ಅಕ್ಷರಗಳನ್ನು ಮೇಲಿನಿಂದ ಕೆಳಗಿನವರೆಗೆ ಪಟಪಟನೆ ಹೇಳುತ್ತಿದ್ದಳು. ಸಿಸ್ಟರಿಗೆ ಮೊದಲು ನಗು ಬಂತು. ಆಮೇಲೆ ಮೊಳೆಯತ್ತ ನೋಡಿ ಸರಕ್ಕನೆ ಒಳಗೆ ಬಂದರು.

"ಕಾಂಚನಾ, ಗ್ವಾಡಿ ಮ್ಯಾಲೆ ಏನೈತಿ?"

"ನಿಮ್ಮ ಅಕ್ಷರ ರೀ."

ಅಲ್ಲಿದ್ದದ್ದು ಬರೀ ತಾರೀಖುಗಳು. ಅಂದು ಸಾಲನ್ನು ಇದೇ ಕೋಣೆಯೊಳಗೆ ನಿಲ್ಲಿಸಿದ್ದು ತಾವೇ. ಮುಂದಿನವರು ಗಟ್ಟಿಯಾಗಿ ಓದಿದ್ದನ್ನು ಹಿಂದಿನವರು ಕೇಳಿಸಿಕೊಂಡಿದ್ದರು. ಅದರಲ್ಲೂ ಈ ಹುಡುಗಿಯ ಕಿವಿ ಎಂಥದು!

"ತಪ್ಪ ಹೇಳಿದ್ನೇನ್ರಿ?" ಹುಡುಗಿ ಹೆದರಿದಳು.

"ಒಂದೂ ತಪ್ಪಿಲ್ಲವ್ವಾ. ತಪ್ಪ ನಂದು."

ಅಷ್ಟರಲ್ಲಿ ಸಮಾರೋಪಕ್ಕೆ ಕರೆ ಬಂತು. ತಂಡದ ಹಿರಿಯರಾದ ಸೋಮೇಶ ಪಾಸ್ಟರ್ ಊರವರ ಮುಂದೆ ವರದಿ ಓದುತ್ತಿದ್ದರು: "ಎಲ್ಲ ಎಂಬತ್ತೆರಡು ಮಕ್ಕಳ ಕಣ್ಣಿನ ಪರೀಕ್ಷೆ ಸಂಪೂರ್ಣವಾಗಿದೆ. ಇದರ ಶ್ರೇಯ ನಮ್ಮ ವನಿತಾ ಸಿಸ್ಟರಿಗೆ." ಚಪ್ಪಾಳೆ ಬಿತ್ತು. ಶಾಲು ಸಿದ್ಧವಾಗಿತ್ತು.

ಸುಮ್ಮನಿದ್ದು ಕಾಂಚನಾಳಿಗೊಂದು ಕನ್ನಡಕ ಆಮೇಲೆ ಕಳಿಸಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹೀಗೆ ಬಾಯಿಪಾಠ ಒಪ್ಪಿಸಿ ಪಾಸಾದವರು ಇನ್ನೆಷ್ಟು ಮಂದಿಯೋ? ಮೂವತ್ತೊಂದು ವರ್ಷದ ಜಂಬವನ್ನು ನುಂಗಿ ಸಿಸ್ಟರ್ ಎದ್ದು ನಿಂತರು.

"ನಿಲ್ರಿ ಪಾಸ್ಟರ್ರ, ಆ ಮಾತು ಖರೆ ಅಲ್ಲ. ಒಬ್ಬರು ಓದೂದನ್ನ ಇನ್ನೊಬ್ಬರು ಕೇಳೂ ಹಂಗ ಸಾಲ ನಿಲ್ಲಿಸಿದಾಕಿ ನಾನು. ಪರೀಕ್ಷೆ ಕೆಟ್ಟೈತಿ. ಎಲ್ಲಾರದೂ ಇನ್ನೊಮ್ಮೆ ನೋಡ್ತೇನಿ. ಗಾಡಿ ನಾಕಕ್ಕ ಹೊಂಡಂಗಿಲ್ಲ."

ಸೋಮೇಶ ಶಾಲು ಮಡಚಿ ಕುರ್ಚಿಯ ಮೇಲಿಟ್ಟರು. "ನೀವು ಒಳಗ ನಡೀರಿ ಸಿಸ್ಟರ್ರ. ಹೊರಗಿನ ಸಾಲ ನಾ ನೋಡ್ಕೋತೇನಿ."

ಸಿಸ್ಟರ್ ಚಾರ್ಟಿನ ಹಿಂಬದಿಗೆ ಮಾರ್ಕರಿನಿಂದ ಬೇರೆ ಅಕ್ಷರ ಬರೆದು ಬಾಗಿಲು ಹಾಕಿಕೊಂಡರು. ಒಬ್ಬರಾದ ಮೇಲೆ ಒಬ್ಬರು. ಹೊತ್ತು ಇಳಿಯುವಷ್ಟರಲ್ಲಿ, ಕೈ ತಪ್ಪಿ ಹೋಗಿದ್ದ ಇನ್ನಿಬ್ಬರು ಸಿಕ್ಕರು. ಕೊನೆಗೆ ಕಾಂಚನಾ, ಜೊತೆಗೆ ಅಜ್ಜಿ. ಬರಿಗಣ್ಣಿಗೆ ಹುಡುಗಿ ಮೇಲಿನ ದಪ್ಪ ಅಕ್ಷರವನ್ನೂ ಗುರುತಿಸಲಿಲ್ಲ. ಸಿಸ್ಟರ್ ಅವಳ ಪುಟ್ಟ ಮೂಗಿನ ಮೇಲೆ ಪರೀಕ್ಷೆಯ ಭಾರದ ಫ್ರೇಮು ಕೂರಿಸಿ, ಒಂದೊಂದೇ ಲೆನ್ಸು ಹಾಕಿ ತೆಗೆದು, ಹಾಕಿ ತೆಗೆದು, ಕೊನೆಗೆ ಕೈಬಿಟ್ಟು ಹಿಂದೆ ಸರಿದರು.

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಕತ್ತು ಮುಂದಕ್ಕೆ ಚಾಚಿದಳು.

"ದ... ಅಲ್ಲ ತಡೀರಿ... ಹ. ಆಮ್ಯಾಲೆ... ವ. ಆಮ್ಯಾಲೆ..."

ಶಾರದವ್ವನಿಗೆ ನಾಚಿಕೆಯೇ ಆಯಿತು. "ಅಯ್ಯ, ಆವತ್ತು ಪಟಪಟ ಹೇಳಿದ್ಲಲ್ರಿ ಸಿಸ್ಟರ್ರ! ಇವತ್ತ್ಯಾಕ ಹಿಂಗ ತಡವರಸಾಕತ್ತಾಳ?"

ವನಿತಾ ಸಿಸ್ಟರ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಸ್ಪತ್ರೆಯಲ್ಲಿ ಕಳೆದ ಅಷ್ಟೂ ವರ್ಷದಲ್ಲಿ ಇಷ್ಟು ಹೆಮ್ಮೆ ಅವರಿಗೆ ಎಂದೂ ಆಗಿರಲಿಲ್ಲ.

"ಇವತ್ತ ಓದಾಕತ್ತಾಳ, ಶಾರದವ್ವಾ."