ಫುಲ್‌ಬಸಿಯಾ ತೀರಿಕೊಂಡ ವರ್ಷ

1989ರಲ್ಲಿ ಶಿವಚರಣನ ಮನೆತನದವರು ಊರ ಕಾಳಿಮಾಯಿ ಗುಡಿಯ ಮುಂದೆ ತಮ್ಮ ಹಿರಿಯರ ಹೆಸರಿನ ಕಲ್ಲೊಂದನ್ನು ನಿಲ್ಲಿಸಬೇಕೆಂದು ಗೊತ್ತುಮಾಡಿದರು. ಅದರ ಮೇಲೆ ಕೆತ್ತಿಸಬೇಕಾದ ಇಸವಿಗಳನ್ನು ಹುಡುಕಿ ತರುವ ಕೆಲಸ ಪರ್ಮಾನಂದನ ಪಾಲಿಗೆ ಬಂತು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸದಿಂದ ಅವನು ಆಗಷ್ಟೇ ನಿವೃತ್ತನಾಗಿದ್ದ.

"ಹೇಗೂ ಮನೇಲಿ ನೊಣ ಹೊಡೀತಾ ಕೂತಿದೀಯ, ಹೋಗಿ ಬಾ," ಎಂದ ಅಣ್ಣ ದಯಾನಂದ. ಅವನು ಗುಡಿ ಸಂಘದ ಅಧ್ಯಕ್ಷ. ಕಲ್ಲಿನ ಯೋಚನೆಯೂ ಅವನದೇ.

ಮನೆಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಕಥೆ ಇಷ್ಟು. ಮುತ್ತಜ್ಜ ಶಿವಚರಣ ಆರಾ ಜಿಲ್ಲೆಯ ಕಡೆಯಿಂದ ಹಡಗು ಹತ್ತಿ ಮಾರಿಷಸ್ಸಿಗೆ ಬಂದ. ಕಬ್ಬಿನ ತೋಟದಲ್ಲಿ ಕರಾರಿನ ಕೂಲಿ ಮುಗಿಸಿ ಅಂಗೈಯಗಲ ನೆಲ ಕೊಂಡ. ಮುತ್ತಜ್ಜಿ ಫುಲ್‌ಬಸಿಯಾ ಅವನಿಗೆ ಮೂರು ಗಂಡು, ಒಂದು ಹೆಣ್ಣು ಹೆತ್ತು, 1890ರ ಜ್ವರದಲ್ಲಿ ಆ ಹೆಣ್ಣು ಕೂಸಿನ ಸಮೇತ ಕಣ್ಣುಮುಚ್ಚಿದಳು. ಮುತ್ತೈದೆಯಾಗಿ ಹೋದವಳೆಂದು ಪಿತೃಪಕ್ಷದ ನವಮಿಯಂದು ಅವಳಿಗೆ ಎಡೆ ಇಡುತ್ತ ಬಂದಿದ್ದರು. ಪರ್ಮಾನಂದನ ಅಪ್ಪ ಇಟ್ಟಿದ್ದ, ಈಗ ದಯಾನಂದ ಇಡುತ್ತಿದ್ದ.

ವಲಸೆ ಬಂದವರ ದಾಖಲೆಗಳನ್ನು ಕಾಪಾಡುವ ಕಚೇರಿಯಲ್ಲಿ ವೀರಾಪೆನ್ ಎಂಬ ಹೆಂಗಸು ಹಳೆಯ ದಪ್ಪ ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟಳು. ಶಿವಚರಣ ಬೇಗ ಸಿಕ್ಕ. ಆಮೇಲೆ ಫುಲ್‌ಬಸಿಯಾಳೂ ಸಿಕ್ಕಳು. 1872ರಲ್ಲಿ ಬಂದವಳು, ವಯಸ್ಸು ಇಪ್ಪತ್ತು. ಪಕ್ಕದಲ್ಲಿ ಅಂಟಿಸಿದ ಚಿಕ್ಕ ಫೋಟೋದಲ್ಲಿ ಸೆರಗು ಬಿಗಿಯಾಗಿ ಹೊದ್ದು, ಯಾರೋ ಗದರಿಸಿ ಕೂರಿಸಿದಂತೆ ಕೂತಿದ್ದಳು. ಪರ್ಮಾನಂದ ಇಸವಿ ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದ.

"ನಿಲ್ಲಿ ತೋಂತೋಂ," ಎಂದಳು ವೀರಾಪೆನ್, ದ್ವೀಪದಲ್ಲಿ ಹಿರಿಯ ಗಂಡಸರನ್ನು ಎಲ್ಲರೂ ಕರೆಯುವ ಹಾಗೆ. "ಯಾವಾಗ ತೀರಿಕೊಂಡರು ಅಂದ್ರಿ?"

"ತೊಂಬತ್ತರಲ್ಲಿ. ಜ್ವರ ಬಂದು."

"ತೊಂಬತ್ತರಲ್ಲಿ ಇವರು ಮಗಳನ್ನ ಕರಕೊಂಡು ಕಲ್ಕತ್ತೆಗೆ ವಾಪಸು ಹೋಗಿದಾರಲ್ಲ. ಇಲ್ಲಿ ಬರೆದಿದೆ ನೋಡಿ."

"ಬೇರೆ ಯಾರದೋ ಇರಬೇಕು."

"ಬಂದಾಗ ಕೊಟ್ಟ ನಂಬರು ಇವರದೇ, ಗಂಡನ ನಂಬರೂ ನಿಮ್ಮ ಮುತ್ತಜ್ಜಂದೇ. ಸತ್ತವರು ಹಡಗು ಹತ್ತೋದಿಲ್ಲ ತೋಂತೋಂ."

ಅವಳು ಇನ್ನೊಂದು ಪುಸ್ತಕ ತೆಗೆದಳು. ವಾಪಸು ಹೋದವರಲ್ಲಿ ಕೆಲವರು ಮತ್ತೆ ಬರುತ್ತಿದ್ದರಂತೆ, ಹಾಗೆ ಬಂದವರ ಹೊಸ ನಂಬರಿನ ಪಕ್ಕ ಹಳೆಯದನ್ನೂ ಗುಮಾಸ್ತರು ಗುರುತು ಹಾಕುತ್ತಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಆ ಗುರುತು ಸಿಕ್ಕಿತು. ಫುಲ್‌ಬಸಿಯಾ 1893ರಲ್ಲಿ ಮತ್ತೆ ಬಂದಿಳಿದಿದ್ದಳು. ಒಬ್ಬಳೇ. ಮಗಳ ಹೆಸರಿರಲಿಲ್ಲ. ಅವಳನ್ನು ಮೋಂಫ್ಲೆರಿ ತೋಟಕ್ಕೆ ಕಳಿಸಲಾಗಿತ್ತು.

ಮೋಂಫ್ಲೆರಿ ಎಂದರೆ ಪರ್ಮಾನಂದನ ಊರಿನ ಮಗ್ಗುಲಲ್ಲೇ, ನದಿ ದಾಟಿದರೆ ಸಿಗುವ ತೋಟ. ಅಲ್ಲಿಂದ ಬರುತ್ತಿದ್ದ ಕಬ್ಬನ್ನು ಅವನು ನೌಕರಿಯುದ್ದಕ್ಕೂ ತೂಗಿದ್ದ.

ಮರುವಾರ ಜನನ ಮರಣದ ಕಚೇರಿಗೆ ಹೋದ. ಅವಳು ಸತ್ತದ್ದು 1919ರಲ್ಲಿ, ದ್ವೀಪದ ತುಂಬ ಜ್ವರ ಹಬ್ಬಿ ಮನೆಮನೆಯಲ್ಲೂ ಹೆಣ ಬಿದ್ದ ವರ್ಷ. ಸಾವಿನ ಸುದ್ದಿ ಬರೆಸಿದವನ ಹೆಸರು ರಾಮ್‌ಲಗನ್. ಅವನು ಪರ್ಮಾನಂದನ ಸ್ವಂತ ತಾತ, ಫುಲ್‌ಬಸಿಯಾಳ ಹಿರಿಯ ಮಗ. ಸತ್ತವಳಿಗೂ ಬರೆಸಿದವನಿಗೂ ಏನು ಸಂಬಂಧ ಎಂದು ಕೇಳುವ ಜಾಗದಲ್ಲಿ 'ನೆರೆಯವ' ಎಂದಿತ್ತು.

ಪರ್ಮಾನಂದ ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ನೇರ ದುಲಾರಿ ಫುವಾಳ ಮನೆಗೆ ಹೋದ. ಫುವಾ ಎಂದರೆ ಅವನ ಸೋದರತ್ತೆ, ರಾಮ್‌ಲಗನನ ಕೊನೆಯ ಮಗಳು. ಎಂಬತ್ತು ದಾಟಿದ್ದರೂ ನಾಲಗೆ ಮೊಂಡಾಗಿರಲಿಲ್ಲ. ಜಗುಲಿಯ ಮೇಲೆ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು.

"ಫುವಾ, ನಿಮ್ಮಪ್ಪ ಮೋಂಫ್ಲೆರಿಗೆ ಹೋಗ್ತಿದ್ನಾ?"

"ಹೋಗ್ತಿದ್ದ. ಭಾನುವಾರ. ಆಡು ನೋಡೋಕೆ ಅಂತ."

"ಆಡು ತಂದಿದ್ದನ್ನ ನೋಡಿದೀಯಾ?"

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ಯಾರು ಹೇಳಿದ್ರು ನಿಂಗೆ?"

"ಸರ್ಕಾರ ಬರೆದಿಟ್ಟಿದೆ."

"ಸರ್ಕಾರಕ್ಕೆ ಬೇರೆ ಕೆಲಸ ಇಲ್ಲ," ಎಂದಳು ಫುವಾ. ಮೊರವನ್ನು ಪಕ್ಕಕ್ಕೆ ಸರಿಸಿದಳು. "ಕೂತ್ಕೋ ಬಬುವಾ. ನಿಂತ್ಕೊಂಡು ಕೇಳೋ ಮಾತಲ್ಲ ಇದು."

ಕೂತ. ಫುವಾ ಹೇಳಿದಳು.

ಫುಲ್‌ಬಸಿಯಾ ಊರು ಬಿಡುವಾಗ ಐದೇ ವರ್ಷಕ್ಕೆ ಬರುತ್ತೇನೆ ಎಂದು ತಾಯಿಗೆ ಮಾತು ಕೊಟ್ಟಿದ್ದಳಂತೆ. ಮದುವೆಯಾಯಿತು, ಮಕ್ಕಳಾದವು, ಐದು ಹದಿನೆಂಟಾಯಿತು. ಒಂದು ದಿನ, ತಾಯಿ ಹಾಸಿಗೆ ಹಿಡಿದಿದ್ದಾಳೆ ಎಂದು ಆ ಕಡೆಯಿಂದ ಬಂದ ಯಾರೋ ಹೇಳಿದರು. ಹೋಗಿ ಮುಖ ನೋಡಿ ಬರುತ್ತೇನೆ ಎಂದಳು. ಶಿವಚರಣ ಆಗತಾನೇ ನೆಲ ಕೊಂಡಿದ್ದ. ಹೋದರೆ ಈ ಹೊಸಿಲು ಮರೆತುಬಿಡು ಎಂದ. ಅವಳಿಗೂ ಹಟ. ಹಾಲು ಕುಡಿಯುವ ಕೂಸನ್ನು ಕಂಕುಳಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಅವಮಾನ ತಾಳಲಾರದೆ ಶಿವಚರಣ, ಬಂದರಿನಲ್ಲೇ ಜ್ವರ ಬಂದು ತಾಯಿ ಮಗು ಇಬ್ಬರೂ ಹೋದರು ಎಂದು ಊರಿಗೆಲ್ಲ ಹೇಳಿದ. ತಲೆ ಬೋಳಿಸಿಕೊಂಡು ಕರ್ಮವನ್ನೂ ಮಾಡಿ ಮುಗಿಸಿದ.

"ಅಲ್ಲಿ ಹೋಗಿ ನೋಡಿದ್ರೆ ತಾಯಿ ಇರ್ಲಿಲ್ಲ. ಸಮುದ್ರ ದಾಟಿ ಜಾತಿ ಕೆಡಿಸ್ಕೊಂಡು ಬಂದವಳು ಅಂತ ಅಣ್ಣತಮ್ಮಂದಿರು ದನದ ಕೊಟ್ಟಿಗೇಲಿ ಮಲಗಿಸಿದ್ರಂತೆ. ಕೂಸು ಅಲ್ಲೇ ತೀರ್ಕೊಳ್ತು. ಮತ್ತೆ ಕೂಲಿ ಕರಾರಿಗೆ ಹೆಬ್ಬೆಟ್ಟು ಒತ್ತಿ ಹಡಗು ಹತ್ತಿದ್ಲು."

"ಮುತ್ತಜ್ಜನ ಮನೆಗೆ ಬರ್ಲಿಲ್ವಾ?"

"ಬಂದಿದ್ಲು. ನಮ್ಮಪ್ಪಂಗೆ ಹದಿಮೂರು ವರ್ಷ. ಬಾಗಿಲಲ್ಲಿ ನಿಂತವಳನ್ನ ನೋಡಿ ಅವನು ಕಿರುಚಿಕೊಂಡ್ನಂತೆ, ದೆವ್ವ ಅಂತ. ಅಜ್ಜ ಹೊರಗೆ ಬಂದು, ಪಿಂಡ ಹಾಕಿದ ಮೇಲೆ ಒಳಗೆ ಕರೆಯೋದು ಹೇಗೆ, ಹೋಗು ಅಂದ. ಹೋದ್ಲು. ಮೋಂಫ್ಲೆರಿಲಿ ಹೆರಿಗೆ ಮಾಡಿಸ್ತಾ ಇದ್ಲು. ಅರ್ಧ ತೋಟ ಅವಳ ಕೈಯಲ್ಲೇ ಹುಟ್ಟಿದ್ದು."

ರಾಮ್‌ಲಗನ್ ದೊಡ್ಡವನಾದ ಮೇಲೆ ತಾನಾಗಿ ಹುಡುಕಿಕೊಂಡು ಹೋಗಿದ್ದ. ಚಿಕ್ಕವಳಾದ ದುಲಾರಿಯನ್ನೂ ಒಮ್ಮೊಮ್ಮೆ ಕರೆದೊಯ್ಯುತ್ತಿದ್ದ. ಜನರೆದುರು ಅವಳನ್ನು ಮೌಸಿ ಎನ್ನುತ್ತಿದ್ದ, ಚಿಕ್ಕಮ್ಮನೆಂಬಂತೆ. ಬಾಗಿಲು ಹಾಕಿದ ಮೇಲೆ ಅಮ್ಮ ಎನ್ನುತ್ತಿದ್ದ.

"ಬೈತಲೆ ತುಂಬ ಸಿಂಧೂರ ಇಡ್ತಿದ್ಲು," ಎಂದಳು ಫುವಾ. "ಹದಿನಾರನೇ ಇಸವೀಲಿ ನಮ್ಮಜ್ಜ ಸತ್ತ. ಮುಂದಿನ ಭಾನುವಾರ ಹೋದಾಗ ಹಣೆ ಬೋಳಾಗಿತ್ತು. ಗಂಡ ಎಲ್ಲಿದಾನೆ ಅಂತ್ಲೇ ಆ ತೋಟದವರಿಗೆ ಗೊತ್ತಿರ್ಲಿಲ್ಲ, ಈಗ ಯಾಕೆ ಒರೆಸಿಕೊಂಡ್ಲು ಅಂತ ಹೆಂಗಸರು ಆಡಿಕೊಂಡ್ರು."

"ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ ಫುವಾ?"

"ಅಪ್ಪ ಆಣೆ ಹಾಕಿಸಿದ್ದ. ಈಗ ನಾನೇನು ಹೇಳಿದ್ನಾ? ನೀನೇ ತಿಳ್ಕೊಂಡು ಬಂದೆ."

ಆ ಭಾನುವಾರ ಮನೆಯವರೆಲ್ಲ ಸೇರಿದಾಗ ಪರ್ಮಾನಂದ ನಕಲು ಕಾಗದಗಳನ್ನು ಮುಂದಿಟ್ಟು, ಏರುದನಿಯಿಲ್ಲದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ದಯಾನಂದನ ಮುಖ ಕೆಂಪಾಯಿತು.

"ಗಂಡ ಮಕ್ಕಳನ್ನ ಬಿಟ್ಟು ಓಡಿಹೋದವಳನ್ನ ಗುಡಿ ಮುಂದೆ ಕೆತ್ತಿಸಬೇಕಾ? ನಾಳೆ ನನ್ನ ಮುಖಕ್ಕೆ ಯಾರು ಬೆಲೆ ಕೊಡ್ತಾರೆ?"

"ಓಡಿಹೋಗಿಲ್ಲ ಭಯ್ಯಾ. ಹೇಳಿ ಹೋಗಿದಾಳೆ. ವಾಪಸೂ ಬಂದಿದಾಳೆ."

"ನೂರು ವರ್ಷದಿಂದ ಯಾರಿಗೂ ಹೊಟ್ಟೆನೋವು ಇರ್ಲಿಲ್ಲ. ನಿಂಗೆ ಬಂತು."

ಅಲ್ಲೇ ಕೂತಿದ್ದ ಗುಡಿಯ ಪಂಡಿತರು ಕೆಮ್ಮಿದರು. "ದಯಾನಂದಜೀ, ಕಲ್ಲಿನ ಮಾತು ನಿಮ್ಮದು. ಆದರೆ ನವಮಿ ಮುತ್ತೈದೆಯಾಗಿ ಸತ್ತವರಿಗೆ. ಈಕೆ ಗಂಡ ಹೋದ ಮೂರು ವರ್ಷಕ್ಕೆ ಸತ್ತದ್ದು. ಅಲ್ಲದೆ ಬದುಕಿ ಓಡಾಡ್ತಿದ್ದವಳಿಗೆ ಅಷ್ಟು ವರ್ಷ ಎಡೆ ಇಟ್ಟಿದ್ದೀರಿ. ಆ ಊಟ ಯಾರು ಉಂಡರೋ ನನಗಂತೂ ತಿಳಿಯದು."

ಮೂಲೆಯಲ್ಲಿದ್ದ ಹೆಂಗಸರು ಸೆರಗಿನಲ್ಲಿ ನಕ್ಕರು. ದಯಾನಂದ ನಗಲಿಲ್ಲ. ಮಾತು ಮುಂದುವರಿದು, ಚಹಾ ಎರಡು ಸಲ ಬಂದು ಹೋಗಿ, ಕೊನೆಗೆ ಹೆಚ್ಚಿನವರು ದಯಾನಂದನ ಕಡೆ ವಾಲಿದರು. ಕಲ್ಲಿನ ಮೇಲೆ ಶಿವಚರಣ ಒಬ್ಬನೇ ಎಂದಾಯಿತು. ಪರ್ಮಾನಂದ ಒಂದೇ ಮಾತು ಹಿಡಿದು ನಿಂತ. ಅವಳ ಹೆಸರು ಬೇಡವೆಂದರೆ ಬೇಡ, ಆದರೆ ತೊಂಬತ್ತರಲ್ಲಿ ಸತ್ತಳೆಂದು ಎಲ್ಲೂ ಬರೆಯಕೂಡದು. ಅದಕ್ಕೆ ದಯಾನಂದ ಒಪ್ಪಿದ.

ಕಲ್ಲು ನಿಲ್ಲಿಸಿದ ದಿನ ಫುವಾ ಗುಡಿಗೆ ಬರಲಿಲ್ಲ, ಮಂಡಿನೋವು ಎಂದಳು. ಅದಾದ ಒಂದು ವಾರಕ್ಕೆ ಮಂಡಿನೋವನ್ನು ಮರೆತು ಪರ್ಮಾನಂದನ ಜೊತೆ ಮೋಂಫ್ಲೆರಿಗೆ ಹೊರಟಳು. ಜ್ವರದ ವರ್ಷ ಸುಡಲು ಕಟ್ಟಿಗೆ ಸಾಲದೆ ಹೆಣಗಳನ್ನು ಹೂತಿದ್ದರು. ಆ ಜಾಗ ಎಲ್ಲೆಂದು ಫುವಾಳಿಗೆ ಮಾತ್ರ ನೆನಪಿತ್ತು. ಹೋಗಿ ನೋಡಿದರೆ ಅಲ್ಲಿ ಆಳೆತ್ತರ ಕಬ್ಬು ಬೆಳೆದಿತ್ತು, ಹೂ ಬಿಟ್ಟಿತ್ತು. ಫುವಾ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನೋಡಿ, "ಇಲ್ಲೇ ಎಲ್ಲೋ," ಎಂದಳು. ಪರ್ಮಾನಂದ ತಂದಿದ್ದ ಚೆಂಡುಹೂಗಳನ್ನು ಕಬ್ಬಿನ ಸಾಲಿನೊಳಗೆ ಎಸೆದ. ಹೆಚ್ಚು ಹೊತ್ತು ನಿಲ್ಲಲಿಲ್ಲ, ಬಿಸಿಲು ಜೋರಾಗಿತ್ತು.

ಆ ವರ್ಷದ ಪಿತೃಪಕ್ಷದಲ್ಲಿ ದಯಾನಂದ ನವಮಿಯ ಎಡೆ ಇಡಲಿಲ್ಲ, ಯಾಕೆಂದು ಯಾರೂ ಕೇಳಲಿಲ್ಲ. ಅವಳು ಸತ್ತ ತಿಥಿಯನ್ನು ಪಂಡಿತರಿಂದ ಲೆಕ್ಕ ಹಾಕಿಸಿ, ಪರ್ಮಾನಂದ ತನ್ನ ಮನೆಯಲ್ಲಿ ಎಡೆ ಇಟ್ಟ. ದಯಾನಂದನ ಹೆಂಡತಿ ಹಿತ್ತಿಲ ಬಾಗಿಲಿಂದ ಬಂದು, ಒಂದು ಬೋಗುಣಿ ಖೀರು ಅಡುಗೆಮನೆಯಲ್ಲಿಟ್ಟಳು.

"ಅವರಿಗೆ ಹೇಳಬೇಡಿ," ಎಂದಳು.

ಫುವಾ ಬೋಗುಣಿಯ ಮುಚ್ಚಳ ತೆಗೆದು ನೋಡಿ, "ಏಲಕ್ಕಿ ಹಾಕಿಲ್ಲ," ಎಂದಳು.