ಮೊಳೆ ಟೈರಿನ ಸರದಿ

ಆ ವರ್ಷ ಮೇ ಇಪ್ಪತ್ತನೇ ತಾರೀಖಿಗೇ ರಸ್ತೆ ಗಾಜಾಯಿತು. ಭೂಮಿಯ ದಕ್ಷಿಣ ತುದಿಯ ನಮ್ಮ ಕಡೆ ಚಳಿಗಾಲ ಶುರುವಾಗುವುದೇ ಮೇ-ಜೂನಿಗೆ. ಹಿಂದಿನ ಸಂಜೆ ಬಿದ್ದ ತುಂತುರು ಹಾಗೇ ಹೆಪ್ಪುಗಟ್ಟಿ, ಬೆಳಿಗ್ಗೆ ನೋಡಿದರೆ ನಮ್ಮ ಕಲ್ಲಿದ್ದಲ ಗಣಿಯೂರು ರೀಯೊ ತುರ್ಬಿಯೊದ ಡಾಂಬರೆಲ್ಲ ಕಪ್ಪಗೆ ಮಿನುಗುತ್ತಿತ್ತು. ಅಂಥ ದಿನ ನಮ್ಮೂರವರಿಗೆಲ್ಲ ಒಟ್ಟಿಗೇ ಬುದ್ಧಿ ಬರುತ್ತದೆ. ಏಪ್ರಿಲ್ ಪೂರ್ತಿ "ಚಳಿ ಎಲ್ಲಿ ಬಂತು ಇನ್ನೂ" ಅಂದುಕೊಂಡು ಬೇಸಿಗೆ ಟೈರಿನಲ್ಲೇ ಓಡಾಡಿದವರು ಅವತ್ತು ಕತ್ತಲಿರುವಾಗಲೇ ಊರಿಗೊಂದೇ ಆದ ನಮ್ಮ ಟೈರ್ ಅಂಗಡಿ ಮುಂದೆ ಸಾಲು ಹಚ್ಚುತ್ತಾರೆ. ಒಬ್ಬನಿಗೆ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುವ ಮೊಳೆ ಹೊಡೆದ ಟೈರು ಬೇಕು, ಇನ್ನೊಬ್ಬನಿಗೆ ಚಕ್ರಕ್ಕೆ ಕಟ್ಟುವ ಸರಪಳಿ, ಮತ್ತೊಬ್ಬನಿಗೆ ರೇಡಿಯೇಟರ್ ನೀರು ಹೆಪ್ಪುಗಟ್ಟದ ಹಾಗೆ ಕೂಲೆಂಟ್. ಎಲ್ಲರಿಗೂ ಈಗಲೇ ಬೇಕು.

ಸಾಲು ಅಂದರೆ ಹೊಡೆದಾಟ. ಅವತ್ತು ನಾನು ಬಾಗಿಲು ತೆಗೆಯುವ ಮೊದಲೇ ಒಬ್ಬ ಟ್ಯಾಕ್ಸಿಯವನೂ ಒಬ್ಬ ಕುರಿ ಫಾರಮ್ಮಿನವನೂ ಸರದಿಗಾಗಿ ಕೈ ಕೈ ಮಿಲಾಯಿಸಿದ್ದರು. ಟ್ಯಾಕ್ಸಿಯವನ ಮೂಗು ಒಡೆದು ರಕ್ತ ಮಂಜುಗಡ್ಡೆಯ ಮೇಲೆ ಹರಿದಿತ್ತು. ನಾನು ಒಲೆಯ ಬೂದಿ ತಂದು ಅದರ ಮೇಲೆ ಚೆಲ್ಲಿದೆ. ಅಯ್ಯೋ ಪಾಪ ಅಂತಲ್ಲ, ಯಾರಾದರೂ ಜಾರಿ ಬಿದ್ದಾರು ಅಂತ.

ಅಂಗಡಿಯಲ್ಲಿ ನಾವಿಬ್ಬರೇ. ಅಪ್ಪ ಅನ್ಸೆಲ್ಮೊ ಒಯಾರ್ಸುನ್, ಅರವತ್ತೇಳು ವರ್ಷ, ಮಾತು ಕಡಿಮೆ. ನಾನು ಅವನ ಒಬ್ಬಳೇ ಮಗಳು ನೀಲ್ದಾ. ಹದಿನಾರನೇ ವಯಸ್ಸಿನಿಂದ ಇಲ್ಲೇ ನಟ್ಟು ಬಿಚ್ಚುತ್ತಾ ಬೆಳೆದವಳು. ಆಗ ನನಗೆ ಮೂವತ್ತನಾಲ್ಕು. ಬಾಯಿ ಜೋರು, ಕೈ ಇನ್ನೂ ಜೋರು ಅಂತ ಊರಲ್ಲಿ ಹೆಸರಿತ್ತು.

ಅಮ್ಮ ತೀರಿಹೋಗಿ ವರ್ಷಕ್ಕೆ ಎರಡು ವಾರ ಕಡಿಮೆಯಿತ್ತು. ತೀರಿಹೋದಳು ಅನ್ನುವುದು ಸರಿಯಲ್ಲ. ಕೊಂದರು. ಅವಳು ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಬೆಳಿಗ್ಗೆ ಎಂಟೂಕಾಲಿಗೆ ರಸ್ತೆಯ ಅಂಚಿನಲ್ಲಿ ನಡೆದುಹೋಗುತ್ತಿದ್ದವಳ ಕಡೆಗೆ ಗಣಿಯ ತಿರುವಿನಿಂದ ಒಂದು ವ್ಯಾನು ಅಡ್ಡಡ್ಡ ಜಾರಿಕೊಂಡು ಬಂತು, ಮೇಜಿನ ಮೇಲೆ ತಳ್ಳಿದ ತಟ್ಟೆಯ ಹಾಗೆ. ಬೇಕರಿಯ ಕಲ್ಲುಗೋಡೆಗೂ ವ್ಯಾನಿಗೂ ನಡುವೆ ಅಮ್ಮ ಸಿಕ್ಕಿಕೊಂಡಳು. ನಾನು ಮನೆ ಚಪ್ಪಲಿಯಲ್ಲೇ ಓಡಿದೆ. ಅವಳ ಎದೆಯಿಂದ ಕೆಳಗೆ ಏನೂ ಉಳಿದಿರಲಿಲ್ಲ. ಕಣ್ಣು ಮಾತ್ರ ಇನ್ನೂ ನೋಡುತ್ತಿತ್ತು. ಆ ಹೊತ್ತಿನಲ್ಲೂ ನಾನು ಮೊದಲು ನೋಡಿದ್ದು ವ್ಯಾನಿನ ಟೈರು, ಟೈರಿನವರ ಮಗಳಲ್ಲವೇ. ನಾಲ್ಕೂ ಬೇಸಿಗೆ ಟೈರು, ಬೋಳು ತಲೆಯಷ್ಟು ನುಣ್ಣಗೆ.

ವ್ಯಾನಿನವನು ರುಬೆನ್ ಬಾರ್ರಿಯಾ, ಗಣಿಯ ಸುರಂಗದಲ್ಲಿ ಮೇಸ್ತ್ರಿ. ಆಳು ಎತ್ತಿನಂಥವನು. ಕೋರ್ಟು ಅವನನ್ನು ಒಳಗೆ ಹಾಕಲಿಲ್ಲ, ಆರು ತಿಂಗಳು ಲೈಸೆನ್ಸು ಕಿತ್ತುಕೊಂಡಿತು, ಅಷ್ಟೇ. ಆ ಆರು ತಿಂಗಳು ಮುಗಿದದ್ದು ನನಗೆ ಗೊತ್ತಾದದ್ದು, ಅವತ್ತು ಹನ್ನೊಂದು ಗಂಟೆಗೆ ಸಾಲಿನಲ್ಲಿ ಅದೇ ಬೂದು ಬಣ್ಣದ ವ್ಯಾನು ಕಂಡಾಗ.

ಅವನು ಯಾರನ್ನೂ ದಾಟಿ ಬರಲಿಲ್ಲ. ಎರಡು ಗಂಟೆ ಹೊತ್ತು ತನ್ನ ಸರದಿ ಕಾದ. ಜಗಳವಾಡುತ್ತಿದ್ದ ಸಾಲು ತೆಪ್ಪಗಾಯಿತು. ಅವನ ವ್ಯಾನು ಬಾಗಿಲಿಗೆ ಬಂದಾಗ ನಾನು ಎದುರು ಹೋಗಿ ನಿಂತೆ.

"ಈ ಹೊಸಿಲು ದಾಟಿದ್ರೆ ನಿನ್ನ ಕಾಲು ಮುರೀತೀನಿ."

"ನೀಲ್ದಾ, ಮೊಳೆ ಟೈರು ಬೇಕು. ಹೊಸವು ತಂದಿದೀನಿ, ಹಿಂದೆ ಇವೆ. ಮೊಳೆ ಹೊಡೆದು ಕೊಟ್ರೆ ಸಾಕು."

"ಗಾಯೆಗೋಸ್‌ಗೆ ಹೋಗಿ ಹೊಡಿಸ್ಕೋ."

"ಈ ರಸ್ತೇಲಿ ಆ ಪಟ್ಟಣಕ್ಕಾ? ಇನ್ನೂರೆಪ್ಪತ್ತು ಕಿಲೋಮೀಟರ್, ಈ ಬೋಳು ಟೈರಲ್ಲಿ?"

"ಹೋಗೋವಾಗ ಸತ್ತರೆ ಊರಿಗೇ ಒಳ್ಳೇದು."

ಹಿಂದಿನಿಂದ ಅಪ್ಪನ ದನಿ ಬಂತು. "ಒಳಗೆ ಬಿಡು ಮಗಾ."

"ಅಪ್ಪಾ!"

"ಹೀಗೇ ಕಳಿಸಿದ್ರೆ ಇನ್ಯಾರದೋ ಹೆಂಡ್ತಿ ಗೋಡೆಗೆ ಅಂಟ್ಕೋತಾಳೆ. ಬಿಡು."

ಬಿಟ್ಟೆ. ಹಿಂದೆ ನಿಂತವರಿಗೆ ಕಾಣದಿರಲಿ ಎಂದು ತಗಡಿನ ಬಾಗಿಲು ಎಳೆದೆ. ವ್ಯಾನಿನ ಎಡಮಗ್ಗುಲಿಗೆ ಅಪ್ಪ ಜಾಕ್ ಕೊಟ್ಟ. ಜಾಕ್ ಜಾರಿದರೂ ಗಾಡಿ ಕೂರದಿರಲಿ ಎಂದು ಜೊತೆಗೆ ಕೆಳಗೊಂದು ಮರದ ದಿಮ್ಮಿ ಇಡುವುದು ನಮ್ಮ ರೂಢಿ. ಅವತ್ತಿನ ಗಡಿಬಿಡಿಯಲ್ಲಿ ಅವನೂ ಇಡಲಿಲ್ಲ, ನಾನೂ ಇಡಲಿಲ್ಲ.

ನಾನು ಹೊಸ ಟೈರುಗಳನ್ನು ಮಡಿಲಿಗೆಳೆದುಕೊಂಡು ಕಂಪ್ರೆಸರಿಗೆ ಸಿಕ್ಕಿಸಿದ ಗಾಳಿ ಗನ್ನಿನಿಂದ ಮೊಳೆ ಹೊಡೆಯುತ್ತಾ ಕೂತೆ. ಒಂದೊಂದು ಟೈರಿನ ರಬ್ಬರಿನಲ್ಲಿ ಮೊಳೆಗೆಂದೇ ಬಿಟ್ಟ ತೂತು ನೂರಕ್ಕೂ ಮೇಲೆ. ಒಂದೊಂದು ಮೊಳೆಯನ್ನೂ ಅವನ ಮೈಗೇ ಹೊಡೆಯುತ್ತಿದ್ದೇನೆ ಅಂದುಕೊಂಡೇ ಹೊಡೆದೆ. ಅಪ್ಪ ಹಳೆ ಚಕ್ರ ಬಿಚ್ಚಿ, ಟೈರು ಬದಲಿಸಿ, ಮತ್ತೆ ಕೂರಿಸುತ್ತಿದ್ದ. ಯಾರೂ ಮಾತಾಡುತ್ತಿರಲಿಲ್ಲ. ಆ ಮೌನ ಬಾರ್ರಿಯಾಗೆ ತಡೆಯಲಾಗಲಿಲ್ಲ ಅಂತ ಕಾಣುತ್ತೆ.

"ನಿಮ್ಮ ಮನಸ್ಸು ದೊಡ್ಡದು ಅನ್ಸೆಲ್ಮೊ ಯಜಮಾನ್ರೇ," ಅಂದ. "ನಾನೂ ನಿದ್ದೆ ಮಾಡಿಲ್ಲ ಈ ವರ್ಷ. ಆದ್ರೆ ಅವತ್ತಿನ ಗಾಜಿಗೆ ಮೊಳೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಹಣೆಬರಹ."

ನಾನು ಗನ್ನು ನಿಲ್ಲಿಸಿದೆ. "ಹಣೆಬರಹ ಅಂತೆ! ಸಾವಿರ ಗಾಡಿ ಓಡಾಡಿದ್ವು ಅವತ್ತು. ಮೊಳೆ ಹಾಕಿಸಿದವನ ಗಾಡಿ ಒಂದಾದರೂ ಯಾರ ತಾಯೀನ ಗೋಡೆಗೆ ಒತ್ತಿತಾ? ನಾಲ್ಕು ಟೈರು ಹಾಕಿಸೋಕೆ ಸೋಮಾರಿತನ ನಿನಗೆ. ಅಷ್ಟಕ್ಕೆ ನಮ್ಮಮ್ಮ ಸತ್ತಳು."

"ಸೋಮಾರಿತನ ಅಲ್ಲ ನೀಲ್ದಾ. ಬೇಡ, ಬಿಡು."

"ಮತ್ತಿನ್ನೇನು? ಬೊಗಳು!"

ಅವನ ಮುಖ ಕೆಂಪಾಯಿತು. "ಬಂದಿದ್ದೆ ಕಣೇ! ಇದೇ ಬಾಗಿಲಿಗೆ ಬಂದಿದ್ದೆ. ಆ ವಾರದ ಸೋಮವಾರ ಸಂಜೆ, ಐದೂವರೆಗೆ. ನಿಮ್ಮಪ್ಪ ಅಂಗಡಿ ಮುಚ್ತಾ ಇದ್ರು. ಇವತ್ತಾಗಲ್ಲ, ಗುರುವಾರ ಬಾ ಅಂದ್ರು. ಕೇಳು ಅವರನ್ನೇ. ಬುಧವಾರ ಬೆಳಿಗ್ಗೆ ನಿಮ್ಮಮ್ಮ..."

ಕಂಪ್ರೆಸರ್ ಒಂದೇ ಸಮ ಗುಡುಗುಡು ಅನ್ನುತ್ತಿತ್ತು. ನಾನು ಅಪ್ಪನ ಕಡೆ ತಿರುಗಿದೆ. ಅವನು ಚಕ್ರದ ಮುಂದೆ ಮೊಣಕಾಲೂರಿ ಕೂತಿದ್ದ, ಕೈಯಲ್ಲಿ ನಟ್ಟು ಬಿಚ್ಚುವ ಶಿಲುಬೆಯಾಕಾರದ ಸ್ಪ್ಯಾನರು. ಇಲ್ಲ ಅನ್ನಲಿಲ್ಲ.

"ಅಪ್ಪಾ?"

"ಕೋರ್ಟಲ್ಲೂ ಬಾಯಿ ಬಿಟ್ಟಿರಲಿಲ್ಲ ನಾನು," ಬಾರ್ರಿಯಾನ ದನಿ ಒಡೆದಿತ್ತು. "ವಯಸ್ಸಾದವರು, ಇದನ್ನೂ ಯಾಕೆ ಹೊರಬೇಕು ಅಂತ ಸುಮ್ಮನಿದ್ದೆ. ನಿನ್ನ ನಾಲಿಗೆ ಹೇಳಿಸ್ತು."

ಅಪ್ಪ ನಿಧಾನ ಎದ್ದ. "ಗುರುವಾರದ ತನಕ ಗಾಡಿ ಮನೇಲಿ ನಿಲ್ಲಿಸಬೇಡ ಅಂತ ನಿನಗೆ ಯಾರು ಹೇಳಿದ್ರೋ?" ಅಂದ. ಅವತ್ತು ಅವನು ಬಾರ್ರಿಯಾಗೆ ಹೇಳಿದ್ದು ಅದೊಂದೇ ಮಾತು. ಆಮೇಲೆ ಸ್ಪ್ಯಾನರು ಬೀಸಿದ.

ಬಾರ್ರಿಯಾ ಕೈ ಅಡ್ಡ ಕೊಟ್ಟ. ಮೂಳೆ ಮುರಿದ ಸದ್ದು ಕಂಪ್ರೆಸರಿನ ಗದ್ದಲದಲ್ಲೂ ಕೇಳಿಸಿತು. ಎರಡನೇ ಏಟು ದವಡೆಗೆ ಬಿತ್ತು. ಹಲ್ಲುಗಳು ಸಿಮೆಂಟಿನ ಮೇಲೆ ಚೆಲ್ಲಿದವು. ಮೂರನೆಯದು ಬೀಳುವ ಮೊದಲು ಅವನು ಉಳಿದ ಒಂದೇ ಕೈಯಲ್ಲಿ ಅಪ್ಪನ ಕುತ್ತಿಗೆ ಹಿಡಿದು ಟೈರು ಬಿಚ್ಚುವ ಯಂತ್ರಕ್ಕೆ ಅಪ್ಪಳಿಸಿದ. ಅಪ್ಪನ ಕಿವಿ ಅರ್ಧ ಹರಿದು ಜೋತುಬಿತ್ತು. ಮತ್ತೆ ಅಪ್ಪಳಿಸಿದ. ಅಪ್ಪ ಕೂಗಲಿಲ್ಲ, ಹಂದಿಯ ಹಾಗೆ ಗುರುಗುಟ್ಟುತ್ತಾ ಅವನ ಮುಖ ಪರಚಿದ. ಇಬ್ಬರೂ ಎಣ್ಣೆ ನೆಲದಲ್ಲಿ ಉರುಳಿದರು.

ನಾನು ಟೈರು ಮೀಟುವ ಕಬ್ಬಿಣದ ಲಿವರ್ ಹಿಡಿದು ಹೋದೆ. ಬಿಡಿಸುವುದಕ್ಕೆ ಹೋದೆ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಕೊಲ್ಲುವುದಕ್ಕೇ ಹೋದೆ. ಬೆನ್ನಿಗೆ ಹೊಡೆದೆ, ಭುಜಕ್ಕೆ ಹೊಡೆದೆ. ಸೋಮವಾರದ ಮಾತನ್ನು ಅವನ ಬಾಯಿಗೆ ವಾಪಸ್ ತುರುಕುವವಳ ಹಾಗೆ ಹೊಡೆದೆ. ಯಾರ ಕಾಲು ತಗುಲಿತೋ ಏನೋ, ಜಾಕ್ ವಾಲಿತು. ಚಕ್ರವಿಲ್ಲದ ಕಡೆ ವ್ಯಾನು ಧಡ್ ಎಂದು ನೆಲಕ್ಕೆ ಕೂತಿತು, ಅಪ್ಪನ ಎಡಗೈ ಮೇಲೆ.

ಆಗ ಅಪ್ಪ ಕೂಗಿದ. ಅಂಥ ಕೂಗನ್ನು ನಾನು ಅಮ್ಮನ ಬಾಯಲ್ಲೂ ಕೇಳಿರಲಿಲ್ಲ.

"ಜಾಕ್! ಜಾಕ್ ತಾ! ಕೈ ಸಿಕ್ಕಿದೆ!" ಎಂದು ಕಿರುಚಿದವನು ಬಾರ್ರಿಯಾ. ಮುರಿದ ಕೈ ತೂಗಾಡಿಸಿಕೊಂಡೇ ಭುಜವನ್ನು ವ್ಯಾನಿನ ಅಂಚಿಗೆ ಕೊಟ್ಟು ಎತ್ತಲು ನೋಡುತ್ತಿದ್ದ. ನನ್ನ ಕಡೆಗೆ ಮುಖ ತಿರುಗಿಸಿ ಕಿರುಚಿದ. ಮಾತು ನನ್ನ ಕಿವಿಗೆ ಬಿತ್ತು, ಬಿದ್ದದ್ದು ನಿಜ. ಆದರೂ ನನ್ನ ಕೈ ನಿಲ್ಲಲಿಲ್ಲ. ಲಿವರಿನ ಮೊನೆ ಅವನ ಬಲಗಣ್ಣಿಗೆ ಹೋಯಿತು.

ಅವನು ಬೀಳಲಿಲ್ಲ. ಕಣ್ಣಿಂದ ರಕ್ತ ಸುರಿಯುತ್ತಿದ್ದರೂ ಭುಜ ತೆಗೆಯಲಿಲ್ಲ. ಆಗ ನನಗೆ ಮೈಮೇಲೆ ಎಚ್ಚರ ಬಂತು. ಜಾಕ್ ತಂದು ಕೊಟ್ಟು, ಹಿಡಿ ತಿರುಗಿಸಿ, ಅಪ್ಪನ ಕೈ ಬಿಡಿಸಿದೆ. ಮೂರು ಬೆರಳು ಗ್ಲೋವ್ಸಿನಲ್ಲೇ ಉಳಿದವು.

ಹೊರಗಿನವರು ಬಾಗಿಲು ಒದ್ದು ಒಳಗೆ ಬಂದರು. ಆಂಬುಲೆನ್ಸಿಗಿಂತ ಮೊದಲು ಪೊಲೀಸರು ಬಂದರು. "ಯಾರು ಹೊಡೆದದ್ದು?" ಎಂದು ಕೇಳಿದಾಗ ಅಪ್ಪ, ಪ್ರಜ್ಞೆ ತಪ್ಪುವ ಮೊದಲು, "ಎಲ್ಲ ಏಟೂ ನನ್ನವೇ. ಹುಡುಗಿ ಜಾಕ್ ಹಿಡಿದಿದ್ಲು," ಅಂದ. ನಾನು ಬಾಯಿ ಬಿಡಲಿಲ್ಲ.

ಆ ದಿನ ಆಸ್ಪತ್ರೆಗೂ ಠಾಣೆಗೂ ಓಡಾಡುವುದರಲ್ಲಿ ಹೋಯಿತು. ಮರುದಿನ ಮಧ್ಯಾಹ್ನ ಬಾರ್ರಿಯಾನ ಹೆಂಡತಿ ಮಿರ್ತಾ ವ್ಯಾನು ಒಯ್ಯಲು ಬಂದಳು. ಬಿಚ್ಚಿದ್ದ ಚಕ್ರವನ್ನು ನಾನು ಬೆಳಿಗ್ಗೆ ಕೂರಿಸಿದ್ದೆ; ವ್ಯಾನು ಇನ್ನೂ ಅಂಗಡಿಯ ನಡುವೆ, ಎಡಕ್ಕೆ ಎರಡು ಹೊಸ ಟೈರು, ಬಲಕ್ಕೆ ಎರಡು ಹಳೆ ಟೈರಿನ ಮೇಲೆ ನಿಂತಿತ್ತು. ಹೊಸಿಲಲ್ಲೇ ನಿಂತು, "ಹೀಗೇ ಓಡಿಸಬಹುದಾ?" ಅಂತ ಕೇಳಿದಳು.

"ಆಗಲ್ಲ. ಒಂದು ಮಗ್ಗುಲು ಹಿಡಿಯುತ್ತೆ, ಇನ್ನೊಂದು ಜಾರುತ್ತೆ. ಗಿರ್ ಅಂತ ತಿರುಗಿಬಿಡುತ್ತೆ."

"ಹಾಗಾದ್ರೆ ಉಳಿದೆರಡನ್ನೂ ಹಾಕಿಕೊಡು. ಮಕ್ಕಳನ್ನ ಇದರಲ್ಲೇ ಕರ್ಕೊಂಡು ಹೋಗಬೇಕು."

ಮರದ ದಿಮ್ಮಿ ಇಟ್ಟೆ, ಜಾಕ್ ಕೊಟ್ಟೆ. ಉಳಿದ ಮೊಳೆಗಳನ್ನು ಹೊಡೆದೆ. ಅವಳು ಬಾಗಿಲಿಗೆ ಒರಗಿ ನೋಡುತ್ತಾ ನಿಂತಳು. ನೆಲದ ಕಲೆಯ ಮೇಲೆ ಯಾರೂ ಬೂದಿ ಹಾಕಿರಲಿಲ್ಲ. ನಟ್ಟುಗಳನ್ನು ಎದುರುಬದುರು ಬಿಗಿದು ಮುಗಿಸಿ ಅಂದೆ:

"ಐವತ್ತು ಕಿಲೋಮೀಟರ್ ಓಡಿದ ಮೇಲೆ ನಟ್ಟು ಮತ್ತೆ ಬಿಗಿಸಬೇಕು. ಬರೋಕೆ ಮನಸ್ಸಿಲ್ಲದಿದ್ರೆ ಸ್ಪ್ಯಾನರು ಕೊಡ್ತೀನಿ, ನೀವೇ ಬಿಗ್ಕೊಳ್ಳಿ."

"ಬರ್ತೀನಿ," ಅಂದಳು.

ನಾಲ್ಕನೇ ದಿನ ನಿಜಕ್ಕೂ ಬಂದಳು. ನಾನು ನಟ್ಟು ಬಿಗಿಯುತ್ತಿದ್ದಾಗ ತಲೆಯ ಮೇಲಿಂದ ಅವಳ ದನಿ ಬಂತು.

"ನಿಮ್ಮಪ್ಪನ ಕೈ?"

"ಮೂರು ಬೆರಳು ಹೋಯ್ತು. ಆಸ್ಪತ್ರೇಲಿದಾನೆ, ಬಾಗಿಲಲ್ಲಿ ಪೊಲೀಸ್. ನಿಮ್ಮವರು?"

"ಕೊಳವೇಲಿ ಸೂಪ್ ಕುಡೀತಾನೆ. ಕಣ್ಣು ತೆಗೆದುಬಿಟ್ರು." ಬಾಗಿ ನನ್ನ ಕೈ ನೋಡುತ್ತಾ ಅಂದಳು: "ಕಣ್ಣಿಗೆ ಹೊಡೆದವಳು ನೀನು ಅಂತ ಹೇಳಿದ."

ನನ್ನ ಕೈ ನಿಂತಿತು. "ಪೊಲೀಸರಿಗಾ?"

"ನನಗೆ. ಪೊಲೀಸರಿಗೆ ಮುದುಕ ಹೊಡೆದ ಅಂತಲೇ ಹೇಳಿದಾನೆ. ನಿನಗೋಸ್ಕರ ಅಂದುಕೋಬೇಡ. ಮುದುಕ ಮಗಳನ್ನ ಉಳಿಸ್ಕೊಳ್ಳಲಿ, ಅವನ ಹತ್ರ ಇನ್ನೇನಿದೆ ಅಂದ." ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು. "ನಾನು ಅವನಷ್ಟು ಒಳ್ಳೆಯವಳಲ್ಲ ನೀಲ್ದಾ. ನಿನ್ನ ಮುಖ ಕಂಡ್ರೆ ಉಗೀಬೇಕು ಅನ್ಸುತ್ತೆ."

"ಉಗೀರಿ."

ಉಗಿದಳು. ನಾನು ಒರೆಸಿಕೊಂಡು ಉಳಿದ ಎರಡು ನಟ್ಟನ್ನೂ ಬಿಗಿದೆ. ಅವಳು ಹೋದ ಮೇಲೆ ಅಂಗಡಿಗೆ ಬೀಗ ಹಾಕಿ ನೇರ ಠಾಣೆಗೆ ಹೋದೆ.

ಸುದ್ದಿ ಕೇಳಿ ಅಪ್ಪ ಆಸ್ಪತ್ರೆಯ ಮಂಚದಿಂದ ನನ್ನ ಮೇಲೆ ನೀರಿನ ಲೋಟ ಎಸೆದ. "ಕತ್ತೆ! ನನಗೆ ಒಳಗೇನು, ಹೊರಗೇನು? ನೀನ್ಯಾಕೆ ಹೋದೆ?" ಎಂದು ಬೈಯುತ್ತಾ ಅತ್ತ. ವಯಸ್ಸು ನೋಡಿ, ಕೈ ನೋಡಿ ಅವನನ್ನು ಮನೆಗೆ ಬಿಟ್ಟರು. ನನಗೆ ಗಾಯೆಗೋಸ್ ಜೈಲಿನಲ್ಲಿ ಒಂದು ವರ್ಷ ಎರಡು ತಿಂಗಳ ಶಿಕ್ಷೆಯಾಯಿತು. ಒಂದು ಕಣ್ಣಿನವನನ್ನು ಸುರಂಗಕ್ಕೆ ಇಳಿಸುವುದಿಲ್ಲವೆಂದು ಬಾರ್ರಿಯಾನನ್ನು ಗಣಿಗೆ ಇಳಿಯುವವರಿಗೆ ತಲೆದೀಪ ಎಣಿಸಿ ಕೊಡುವ ಕೋಣೆಯಲ್ಲಿ ಕೂರಿಸಿದರು. ನಮ್ಮ ಅಂಗಡಿ ಮುಚ್ಚಿದ ಆ ಚಳಿಗಾಲದಲ್ಲಿ ಊರಿನ ರಸ್ತೆಯಲ್ಲಿ ಇನ್ನೂ ಇಬ್ಬರು ಸತ್ತರು. ಅದನ್ನು ಯಾರ ತಲೆಗೆ ಕಟ್ಟಬೇಕೋ ನನಗೆ ಗೊತ್ತಿಲ್ಲ.

ಜೈಲಿಗೆ ಅಪ್ಪ ಒಂದೇ ಸಲ ಬಂದ, ಬಸ್ಸಿನಲ್ಲಿ, ಕರಿದ ರೊಟ್ಟಿ ಕಟ್ಟಿಕೊಂಡು. ಕಾವಲಿನವಳು ರೊಟ್ಟಿಯನ್ನೆಲ್ಲ ಮುರಿದು ನೋಡಿ ಕೊಟ್ಟಳು. ಚೂರುಗಳನ್ನೇ ಇಬ್ಬರೂ ತಿಂದೆವು. ನಾನು ಕೇಳಬಾರದು ಅಂದುಕೊಂಡೇ ಕೇಳಿದೆ.

"ಅವತ್ತು ಸೋಮವಾರ, ಅವನನ್ನ ಕಳಿಸಿದ ಮೇಲೆ ಏನು ಮಾಡಿದೆ ಅಪ್ಪಾ? ಅಷ್ಟು ಸುಸ್ತಾಗಿತ್ತಾ?"

ಅವನು ಎರಡು ಬೆರಳಿನ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ.

"ಸುಸ್ತೇನಿಲ್ಲ. ನಿಮ್ಮಮ್ಮ ಇಸ್ಪೀಟಿಗೆ ಕರೆದಿದ್ಲು. ಬೇಗ ಬಾ, ಇವತ್ತು ನಿನ್ನ ಸೋಲಿಸ್ತೀನಿ ಅಂದಿದ್ಲು." ರೊಟ್ಟಿಯ ಚೂರನ್ನು ಬಹಳ ಹೊತ್ತು ಅಗಿದ. "ಎಂಟು ಗಂಟೆ ತನಕ ಆಡಿದ್ವಿ. ಸೋಲಿಸಿದ್ಲು."