ಉಪ್ಪು ಹಾಕಿದ ತಲೆ

"ಇನ್ನೊಂದು ಮೊಳ ತೋಡಲೇ ಬೋಳಿಮಗನ. ನಿಮ್ಮಪ್ಪನ ಹೆಣ ಅನ್ಕಂಡೀಯೇನು, ಮ್ಯಾಲೆ ಮ್ಯಾಲೆ ಮುಚ್ಚಾಕ?"

ಕಾನ್‌ಸ್ಟೆಬಲ್ ಓಬಳೇಶ ಇಪ್ಪತ್ತು ಮಾರು ದೂರದ ಬೇವಿನ ಮರದಡಿ, ಮೂಗು ಬಾಯಿಗೆ ಕರ್ಚೀಫು ಕಟ್ಟಿಕೊಂಡು ನಿಂತು ಕೂಗುತ್ತಿದ್ದ. ಗುಂಡಿಯೊಳಗೆ ಎದೆಮಟ್ಟ ಇಳಿದಿದ್ದ ಹುಲುಗಣ್ಣ ಮತ್ತೆ ಸಲಿಕೆ ಹಾಕಿದ. ಒಂದು ಹಗಲು ಒಂದು ರಾತ್ರಿ ಠಾಣೆಯಲ್ಲಿದ್ದು ಅಂಗಾಲಿಗೆ ಲಾಠಿ ತಿಂದವನಿಗೆ ನೆಲಕ್ಕೆ ಪಾದ ಊರುವುದೇ ಕಷ್ಟವಾಗಿತ್ತು. ಹಿಮ್ಮಡಿಯ ಮೇಲೆ ಭಾರ ಬಿಟ್ಟು ಮಣ್ಣು ಎತ್ತಿ ಎತ್ತಿ ದಂಡೆಗೆ ಹಾಕುತ್ತಿದ್ದ.

ದಂಡೆಯ ಮೇಲೆ ಹೊಸ ಬೆಡ್‌ಶೀಟಿನಲ್ಲಿ ನಾಯಿಯ ಹೆಣ. ಮೇಲೆ ಸೇವಂತಿಗೆ ಹಾರ. ಊರಿನ ಬೀಜ ಗೊಬ್ಬರದ ಅಂಗಡಿಯ ಸಾವ್ಕಾರ ಗುರುಬಸವರಾಜ ಸಾಕಿದ ಜಾತಿ ನಾಯಿ ಅದು, ಹೆಸರು ಟೈಗರ್. ದೂರದಲ್ಲಿದ್ದ ಮಗಳು ಬಂದು ಮುಖ ನೋಡಲಿ ಎಂದು ಹೆಣವನ್ನು ರಾತ್ರಿಯೆಲ್ಲ ಐಸಿನ ಮೇಲೆ ಮಲಗಿಸಿದ್ದರು. ಕರಗದೆ ಉಳಿದ ಐಸು ಒಂದು ಬಕೆಟ್ಟು ತುಂಬ ಪಕ್ಕದಲ್ಲೇ ಇತ್ತು. ಜತೆಗೆ ಎರಡು ಚೀಲ ಉಪ್ಪು, ನಾಯಿ ಮಲಗುತ್ತಿದ್ದ ಹಾಸಿಗೆ, ಬಾಯಿ ಕಟ್ಟಿದ ಒಂದು ಕಸದ ಕವರು. ಎಲ್ಲವನ್ನೂ ಹೂಳಬೇಕು ಎಂದು ಸಾವ್ಕಾರ ಹೇಳಿ ಹೋಗಿದ್ದ. ಹಾರವನ್ನು ಅವನು ಕೊರಳಿಗೆ ಹಾಕಿರಲಿಲ್ಲ, ದೂರದಿಂದ ಎಸೆದಿದ್ದ.

ಹೋದ ಸೋಮವಾರ ಇದೇ ಟೈಗರ್ ಹುಲುಗಣ್ಣನ ಹೆಂಡತಿ ಮೈಲವ್ವನ ಕೆನ್ನೆಗೆ ಬಾಯಿ ಹಾಕಿತ್ತು. ಸಾವ್ಕಾರನ ಹಿತ್ತಲು ಗುಡಿಸಲು ಬಗ್ಗಿದ್ದಳು, ಎಗರಿ ಬಂದು ಮಾಂಸ ಕಿತ್ತಿತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಗಾಯ ತೊಳೆಸಿ, ತೋಳಿಗೆ ಸೂಜಿ ಹಾಕಿ, ಮುಖದ ಗಾಯವಾದ್ದರಿಂದ ಗಾಯದ ಸುತ್ತ ಸೀರಂ ಅಂತ ಇನ್ನೊಂದು ಔಷಧ ಚುಚ್ಚಬೇಕು, ಅದಕ್ಕೆ ಬಳ್ಳಾರಿಗೇ ಹೋಗಬೇಕು ಎಂದಿದ್ದರು. ಅಷ್ಟರಲ್ಲಿ ಗುರುಬಸವರಾಜ ಕಾರಿನಲ್ಲಿ ಬಂದು, ನಾಯಿಗೆ ಲಸಿಕೆ ಹಾಕಿಸಿದ ಕಾರ್ಡು ಮುಂದೆ ಹಿಡಿದ. ಡಾಕ್ಟರ ಮಾತು ಅಲ್ಲೇ ಮಗ್ಗುಲು ಬದಲಿಸಿತು.

"ಮನಿ ನಾಯಿ, ಕಾರ್ಡೂ ಐತಿ. ಬಳ್ಳಾರಿ ಬ್ಯಾಡ ಬಿಡು. ಹತ್ತು ದಿನ ನಾಯಿ ಹೆಂಗಿರ್ತೈತಿ ನೋಡು. ಸತ್ರ ಬಂದು ಹೇಳು, ಅದರ ತಲಿ ಪರೀಕ್ಷಾಕ್ಕ ಕಳಿಸ್ಬೇಕಾಗ್ತೈತಿ."

ಹುಲುಗಣ್ಣ ಆ ನಾಯಿಯ ಆಯಸ್ಸಿಗಾಗಿ ಉಚ್ಚೆಂಗೆಮ್ಮನಿಗೆ ಹರಕೆ ಹೊತ್ತ. ಬೆಳಗ್ಗೆ ಪುರಸಭೆಯ ಕಸದ ಗಾಡಿ ತಳ್ಳಿಕೊಂಡು ಹೋದಾಗ ಸಾವ್ಕಾರನ ಗೇಟಿನ ಸಂದಿಯಿಂದ ಇಣುಕಿ, ಅದು ಅನ್ನ ತಿಂದಿತೇ ಎಂದು ನೋಡಿ ಬರುತ್ತಿದ್ದ. ಹೆಂಡತಿಯನ್ನು ಕಚ್ಚಿದ ನಾಯಿ ನೂರು ವರ್ಷ ಬದುಕಲಿ ಎಂದು ಬೇಡಿಕೊಳ್ಳುವ ಗತಿ ವೈರಿಗೂ ಬೇಡ.

ನಾಯಿ ಹತ್ತು ದಿನ ಕಾಯಲಿಲ್ಲ. ಶನಿವಾರ ಬೆಳಗಿನ ಜಾವ ನೊರೆ ಕಾರಿ, ಹಿಂಗಾಲು ಎಳೆದು ಸತ್ತಿತು. ನಾಯಿಗೆ ಹುಚ್ಚಿತ್ತು ಎಂದಾದರೆ ಕಾರ್ಡು ಸುಳ್ಳಾಗುತ್ತದೆ, ಕಚ್ಚಿಸಿದ ಕೇಸು ಮೈಮೇಲೆ ಬರುತ್ತದೆ. ಹೊತ್ತು ನೆತ್ತಿಗೇರುವ ಮೊದಲೇ ಸಾವ್ಕಾರನ ಅರ್ಜಿ ಠಾಣೆಯಲ್ಲಿತ್ತು: ಹೆಂಡತಿಗೆ ಕಚ್ಚಿದ ಸಿಟ್ಟಿಗೆ ಕಸದ ಹುಲುಗಣ್ಣ ನಮ್ಮ ನಾಯಿಗೆ ವಿಷ ಹಾಕಿದ್ದಾನೆ.

"ನಾನ್ಯಾಕ ವಿಷ ಹಾಕ್ಲಿ ಸಾಹೇಬ್ರ," ಎಂದು ಹುಲುಗಣ್ಣ ಎಸ್ಸೈ ಪ್ರವೀಣಕುಮಾರನ ಕಾಲ ಬಳಿ ಕೂತು ಕೇಳಿಕೊಂಡಿದ್ದ. "ಅದು ಬದುಕ್ಲಿ ಅಂತ ಹರಕಿ ಹೊತ್ತೋನು ನಾನು. ಅದರ ತಲಿ ಪರೀಕ್ಷಾ ಮಾಡಿಸ್ರಿ, ಗೊತ್ತಾಗ್ತೈತಿ."

ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಹುಲುಗಣ್ಣನಿಗೆ ಸಿಟ್ಟೂ ಬಂದಿರಲಿಲ್ಲ, ಆದರೂ ದವಡೆಗೆ ಬಿತ್ತು.

"ಪರೀಕ್ಷಾ ಅಂತ, ಪರೀಕ್ಷಾ. ಸತ್ತ ದನ ಹೊರೋ ಸೂಳಿಮಗ ನನಗ ಕೇಸು ಹೇಳಿಕೊಡ್ತಾನ. ಹುಚ್ಚೂ ಇಲ್ಲ, ಏನೂ ಇಲ್ಲ. ವಿಷ ಅಂತ ಬರ್ದೀನಿ. ಅಷ್ಟ."

ಸಂಜೆಗೆ ಹುಲುಗಣ್ಣ, ವಿಷ ಹಾಕಿದ್ದು ನಾನೇ ಎಂದು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಭಾನುವಾರ ಬೆಳಗ್ಗೆ ಹೆಣ ಎತ್ತಲು ಯಾರೂ ಒಪ್ಪದಿದ್ದಾಗ, ವಿಷ ಹಾಕಿದವನೇ ಹೂಳಲಿ ಎಂದು ಅವನ ಕೈಗೇ ಸಲಿಕೆ ಕೊಟ್ಟು ಸಾವ್ಕಾರನ ಹೊಲಕ್ಕೆ ತಂದಿದ್ದರು.

ಗುಂಡಿ ಆಳವಾಯಿತು. ಹುಲುಗಣ್ಣ ಹೆಣವನ್ನು ಒಳಗೆ ಎಳೆದುಕೊಂಡ. ಬೇವಿನ ಮರದ ಕಡೆ ಒಮ್ಮೆ ನೋಡಿದ. ಓಬಳೇಶ ಮೊಬೈಲಿನಲ್ಲಿ ಮುಳುಗಿದ್ದ. ಹುಲುಗಣ್ಣನ ಅಪ್ಪ ಸತ್ತ ದನ ಸುಲಿಯುತ್ತಿದ್ದವನು, ಯಾವ ಗೆಣ್ಣಿಗೆ ಹಾಕಿದರೆ ಕತ್ತು ಬಿಡುತ್ತದೆ ಎಂಬುದನ್ನು ಮಗನಿಗೆ ಬಿಟ್ಟು ಹೋಗಿದ್ದ. ಹುಲುಗಣ್ಣ ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು, ಸಲಿಕೆಯ ಬಾಯನ್ನು ಸರಿಯಾಗಿ ಇಟ್ಟು, ಹಿಮ್ಮಡಿಯಿಂದ ಮೂರು ಸಲ ತುಳಿದ. ನೋವಿಗೆ ಕಣ್ಣಲ್ಲಿ ನೀರು ಬಂತು. ತಲೆ ಬಂತು.

ಇನ್ನು ಅದು ಕೆಡದಂತೆ ಇಡಬೇಕು. ಅದೂ ಅವನಿಗೆ ಗೊತ್ತಿತ್ತು. ತೊಗಲಿಗೆ ನೀರು ತಾಕಿದರೆ ಕೊಳೆಯುತ್ತದೆ, ಉಪ್ಪು ತಾಕಿದರೆ ಉಳಿಯುತ್ತದೆ ಎಂದು ಅಪ್ಪ ಸಾವಿರ ಸಲ ಹೇಳಿದ್ದ. ಹುಲುಗಣ್ಣ ಬಕೆಟ್ಟಿನ ಐಸನ್ನು ಬದುವಿಗೆ ಚೆಲ್ಲಿದ. ತಲೆಯ ಒದ್ದೆಯನ್ನು ಬೆಡ್‌ಶೀಟಿನಿಂದ ಒರೆಸಿ, ಬಾಯೊಳಗೆ, ಕಿವಿಯೊಳಗೆ, ಕತ್ತರಿಸಿದ ಕಡೆಯೆಲ್ಲ ಉಪ್ಪು ತುಂಬಿ, ಉಪ್ಪಿನ ಚೀಲದ ತಳಕ್ಕೆ ಇಳಿಸಿದ. ಕಸದ ಕವರನ್ನು ಬಿಚ್ಚಿ ನೋಡಿದ್ದು ಕಸದವನ ಚಾಳಿಗೆ. ಒಳಗೆ ಸೂಜಿಗಳಿದ್ದವು, ಕಿರುಬೆರಳುದ್ದದ ನಾಲ್ಕು ಖಾಲಿ ಸೀಸೆಗಳಿದ್ದವು. ಯಾಕೆಂದು ಅವನಿಗೇ ಗೊತ್ತಿಲ್ಲದೆ ಸೀಸೆಗಳನ್ನು ಜೇಬಿಗಿಟ್ಟ.

"ಏನಲೇ ಅದು ಚೀಲದಾಗ?" ಮಣ್ಣು ಮುಚ್ಚಿ ಬಂದವನನ್ನು ಓಬಳೇಶ ದೂರದಿಂದಲೇ ಕೇಳಿದ.

"ಉಳಿದ ಉಪ್ಪು ರೀ. ಮನಿಗಾಗ್ತೈತಿ."

"ಹೆಣದ ಉಪ್ಪೂ ಬಿಡಲ್ಲಲೇ ನೀವು, ಥೂ. ಹೋಗು. ಕರ್ದಾಗ ಬರ್ಬೇಕು, ಊರು ಬಿಟ್ರ ಕಾಲು ಮುರಿತೀನಿ."

ಅಲ್ಲಿಂದ ಅವನು ನೇರ ಆಸ್ಪತ್ರೆಗೆ ಹೋಗಿ, ನಾಯಿ ಸತ್ತಿತು ಎಂದ. ಡಾಕ್ಟರು ಕತ್ತೆತ್ತಲಿಲ್ಲ. "ವಿಷದಿಂದ ಸತ್ತೈತಿ ಅಂತ ಪೊಲೀಸ್ರು ಬರ್ದು ಕೊಟ್ಟಾರ. ಮತ್ತ ಸೀರಂ ಯಾಕ?"

ದನದ ದವಾಖಾನೆ ಭಾನುವಾರ ಬೀಗ ಹಾಕಿತ್ತು. ಚೀಲ ಆ ದಿನವೆಲ್ಲ ಹುಲುಗಣ್ಣನ ಮನೆಯ ಮಾಡಿನಲ್ಲಿ ತೂಗಿತು. ಸೋಮವಾರ ಬಾಗಿಲು ತೆರೆಯುವಷ್ಟರಲ್ಲಿ ಅವನು ಮೆಟ್ಟಿಲ ಮೇಲಿದ್ದ. ದನದ ಡಾಕ್ಟರು ಅರ್ಚನಾ, ಬಂದು ಆರು ತಿಂಗಳಾಗಿದ್ದ ಹುಡುಗಿ, ಗ್ಲೌಸು ಹಾಕಿಕೊಂಡು ಚೀಲದ ಬಾಯಿ ಬಿಚ್ಚಿದಳು.

"ಉಪ್ಪು ಹಾಕು ಅಂದೋರು ಯಾರು?"

"ಯಾರೂ ಇಲ್ರಿ. ಉಪ್ಪು ಹಾಕಿದ್ದು ಕೆಡಲ್ರಿ."

"ತೊಗಲು ಕೆಡಲ್ಲಪ್ಪ. ಪರೀಕ್ಷಾ ಮಾಡೋದು ಒಳಗಿನ ಮಿದುಳು. ಅದು ಉಪ್ಪಿನಾಗ ಹಾಳಾಗ್ತೈತಿ. ಐಸಿನಾಗ ಇಟ್ಟು ತರ್ಬೇಕಿತ್ತು. ಇದನ್ನ ಲ್ಯಾಬಿನೋರು ತಗಳಲ್ಲ."

ಹುಲುಗಣ್ಣ ಗೋಡೆಗೆ ಕೈ ಕೊಟ್ಟ. "ಐಸು ಇತ್ರಿ," ಎಂದ. "ಬಕೀಟು ತುಂಬ ಇತ್ರಿ. ನಾನ ಚೆಲ್ಲಿದೆ."

ಆಮೇಲೆ ನೆನಪಾಗಿ ಜೇಬಿನ ಸೀಸೆಗಳನ್ನು ಮೇಜಿನ ಮೇಲಿಟ್ಟು, ಸಿಕ್ಕ ಕತೆ ಹೇಳಿದ. ಅರ್ಚನಾ ಒಂದೊಂದರ ಚೀಟಿಯನ್ನೂ ಓದಿದಳು.

"ಇದ ಸೀರಂ. ನಿನ್ನ ಹೆಂಡ್ತಿಗೆ ಹಾಕ್ಬೇಕಾದ್ದು. ಸಾವ್ಕಾರ್ರ ಮನ್ಯಾಗ ಎಲ್ರೂ ಹಾಕಿಸ್ಕಂಡಾರ. ಹುಚ್ಚು ಅಂತ ಗೊತ್ತಿದ್ದ ಹಾಕಿಸ್ಕಂಡಾರ." ಗ್ಲೌಸು ಕಿತ್ತೆಸೆದು ಕೇಳಿದಳು: "ಮೊದಲನೇ ಸೂಜಿ ಯಾವತ್ತು ಹಾಕಿದ್ರು?"

"ಹೋದ ಸೋಮವಾರ ರೀ."

"ಅಲ್ಲಿಂದ ಏಳು ದಿನದಾಗ ಹಾಕ್ಬೇಕು. ಇವತ್ತ ಕಡೀ ದಿನ. ಪೊಲೀಸ್ರ ಕಾಗದ ಬ್ಯಾಡ, ಪರೀಕ್ಷಾ ಬ್ಯಾಡ, ಯಾರನ್ನೂ ಕೇಳಬ್ಯಾಡ. ನಾನು ಚೀಟಿ ಬರ್ದು ಕೊಡ್ತೀನಿ, ಈಗ್ಲೇ ಬಳ್ಳಾರಿ ಬಸ್ಸು ಹತ್ರಿ. ಗಾಯದಾಗ ತುರಿಕಿ, ಜುಮುಜುಮು ಅಂತಾಳೇನು?"

"ಇಲ್ರಿ."

"ಅದೊಂದು ಬರ್ಬಾರ್ದು. ಬಂತಂದ್ರ ಯಾವ ಔಷಧಾನೂ ನಡ್ಯಲ್ಲ. ಹೋಗು."

ಮನೆಯಲ್ಲಿ ಮೈಲವ್ವ ಇರಲಿಲ್ಲ. ಬೆಳಗ್ಗೆಯೇ ಜೀಪು ಬಂದು ಕರೆದೊಯ್ದಿತು ಎಂದರು ಕೇರಿಯವರು. ಹುಲುಗಣ್ಣ ಚೀಲ ಹೊತ್ತುಕೊಂಡೇ ಠಾಣೆಗೆ ಹೋದ. ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು, ಅರ್ಧ ಮುಖಕ್ಕೆ ಬ್ಯಾಂಡೇಜು. ಎಸ್ಸೈ ಮೇಜಿನ ಮೇಲೆ ಅವಳ ಹೇಳಿಕೆ ಬರೆದಿಟ್ಟಿದ್ದ: ನನಗೆ ಕಚ್ಚಿದ್ದು ಬೀದಿನಾಯಿ, ಸಾವ್ಕಾರರ ನಾಯಿಯಲ್ಲ.

"ನನ್ನ ಮುಖ ಕಿತ್ತಿದ್ದು ಯಾವ ನಾಯಿ ಅಂತ ನನಗ ಗೊತ್ತಿಲ್ಲೇನು," ಎಂದು ಮೈಲವ್ವ ಗಂಡನಿಗೆ ಹೇಳಿದಳು. "ಒತ್ತಲ್ಲ ಅಂದೀನಿ."

"ಒತ್ತು," ಎಂದ ಹುಲುಗಣ್ಣ. "ಏನು ಬರ್ದಾರೋ ಅದಕ್ಕ ಒತ್ತು. ಒತ್ತತಾಳ್ರಿ ಸಾಹೇಬ್ರ, ಕಾಗದ ಕೊಡ್ರಿ. ಎರಡರ ಬಸ್ಸಿಗೆ ಬಳ್ಳಾರಿಗೆ ಹೋಗ್ಬೇಕ್ರಿ. ಇವತ್ತು ಔಷಧ ಹಾಕಿಸ್ಲಿಲ್ಲಂದ್ರ ಹೋಗಿಬಿಡ್ತಾಳ್ರಿ."

ಎಸ್ಸೈ ಗಡಿಯಾರ ನೋಡಿ ಆಕಳಿಸಿದ. "ಸಾವ್ಕಾರ್ರು ಕೊಟ್ಟೂರಿಗೆ ಹೋಗ್ಯಾರ. ಸಂಜಿಗೆ ಬರ್ತಾರ. ಅವರು ಓದಿ ಸರಿ ಅಂದಮ್ಯಾಲ ಒತ್ಬೇಕು. ಅಲ್ಲಿತನಕ ಕುಂದ್ರು ಅಕೀ ಬಾಜೂಕ."

"ಸಂಜಿಗೆ ಬಸ್ಸಿಲ್ರಿ."

"ನಾಯಿಗೆ ಹುಚ್ಚಿಲ್ಲ ಅಂತ ಎಷ್ಟು ಸಲ ಬರೀಬೇಕಲೇ ನಾನು?"

ಇವರನ್ನು ಬೇಡಿ ಬೇಡಿ ಹುಲುಗಣ್ಣನ ನಾಲಿಗೆ ಒಣಗಿತ್ತು. ಹೆಂಡತಿಯ ಕಡೆ ನೋಡಿದ, ಗಡಿಯಾರದ ಕಡೆ ನೋಡಿದ. ಆಮೇಲೆ ಚೀಲ ಕೆಳಗಿಳಿಸಿ, ಕೈಗೆ ಕವರು ಸುತ್ತಿಕೊಂಡು, ಕಿವಿ ಹಿಡಿದು ತಲೆಯನ್ನು ಹೊರಗೆಳೆದ. ಉಪ್ಪು ನೆಲಕ್ಕೆಲ್ಲ ಉದುರಿತು. ಹಲ್ಲು ಕಿಸಿದ ತಲೆಯನ್ನು ಮೇಜಿನ ಮೇಲೆ, ಆ ಹೇಳಿಕೆಯ ಕಾಗದದ ಮೇಲೇ ಇಟ್ಟ.

ಎಸ್ಸೈ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಮುಟ್ರಿ ಸಾಹೇಬ್ರ," ಎಂದ ಹುಲುಗಣ್ಣ. ದನಿ ಎತ್ತರಿಸಲಿಲ್ಲ. "ಹುಚ್ಚಿಲ್ಲ ಅಂತ ನೀವ ಬರ್ದೀರಿ. ಬಾಯಾಗ ಬೆರಳಿಡ್ರಿ. ಬರೇ ವಿಷ ಅಲ್ಲೇನ್ರಿ ಅದು?"

"ಲೇ, ತೆಗಿಯಲೇ ಅದನ್ನ. ಒದ್ದು ಒಳಗ ಹಾಕ್ತೀನಿ."

"ಹಾಕ್ರಿ. ಬಂದು ಹಿಡ್ಕಳ್ರಿ." ಹುಲುಗಣ್ಣ ತಲೆಯನ್ನು ಮತ್ತೆ ಕಿವಿ ಹಿಡಿದು ಎತ್ತಿದ. ಒಂದು ಹೆಜ್ಜೆ ಮುಂದಿಟ್ಟ. ಎಸ್ಸೈ ಗೋಡೆಗೆ ಆತುಕೊಂಡ. ಲಾಠಿ ಎತ್ತಿದವನು, ಹೊಡೆದರೆ ಅದು ಜಾರಿ ಎಲ್ಲಿ ತನ್ನ ಮೇಲೆಯೇ ಬೀಳುತ್ತದೋ ಎಂದು ಕೈ ತಡೆದ. ಓಬಳೇಶ ಆಗಲೇ ಬಾಗಿಲ ಆಚೆ, ಅಂಗಳದಲ್ಲಿದ್ದ. "ಓಬಳೇಶಪ್ಪ, ನೀನಾರ ಮುಟ್ಟು. ಹುಚ್ಚಿಲ್ಲಲ್ಲ."

ಯಾರೂ ಮುಟ್ಟಲಿಲ್ಲ.

"ಏಳು," ಎಂದ ಹುಲುಗಣ್ಣ ಹೆಂಡತಿಗೆ. "ಬಸ್ಸಿಗೆ ಹೊತ್ತಾತು."

ತಲೆಯನ್ನು ಮತ್ತೆ ಕಾಗದದ ಮೇಲಿಟ್ಟು, ಕವರನ್ನು ಅಲ್ಲೇ ಬಿಚ್ಚಿ ಹಾಕಿ, ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆದ. ಇಬ್ಬರೂ ಮುಂಬಾಗಿಲಿನಿಂದಲೇ ಹೊರಬಂದರು. ಅಂಗಳದಲ್ಲಿದ್ದವರು ಎರಡು ಕಡೆಗೂ ಸರಿದು ದಾರಿ ಬಿಟ್ಟರು.

ಬಸ್ಸಿನಲ್ಲಿ ವಾಸನೆ ಎಂದು ಕಂಡಕ್ಟರ್ ಅವರನ್ನು ಕೊನೆಯ ಸೀಟಿಗೆ ಕಳಿಸಿದ. ಹುಲುಗಣ್ಣ ಅರ್ಚನಾಳ ಚೀಟಿಯನ್ನು ಮತ್ತೆ ಮತ್ತೆ ಜೇಬಿನಲ್ಲಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಹಿಂದೆ ಜೀಪೇನೂ ಬರುತ್ತಿರಲಿಲ್ಲ. ಬಹಳ ದಿನಗಳ ಮೇಲೆ ಅವನಿಗೆ ಹಸಿವಾದಂತಾಯಿತು, ಅದನ್ನು ಹೆಂಡತಿಗೆ ಹೇಳಲು ತಿರುಗಿದ. ಮೈಲವ್ವ ಬ್ಯಾಂಡೇಜಿನ ಮೇಲೆ ಉಗುರಿನಿಂದ ಕೆರೆಯುತ್ತಿದ್ದಳು.

"ಏನಾತು?"

"ಏನಿಲ್ಲ. ಬೆಳಿಗ್ಗಿಂದ ಹಿಂಗ. ಒಳಗ ಇರುವಿ ಹರದಂಗ ಆಕ್ಕತಿ. ಗಾಯ ಮಾಯಾಕ ಹತ್ತೈತೇನೋ."

ಹುಲುಗಣ್ಣ ಅವಳ ಕೈ ಹಿಡಿದು ಕೆಳಗಿಳಿಸಿ, ತನ್ನ ತೊಡೆಯ ಮೇಲೆ ಒತ್ತಿಟ್ಟುಕೊಂಡ. ಹೂಂ ಎಂದ. ಬಸ್ಸು ಹಗರಿಬೊಮ್ಮನಹಳ್ಳಿಯ ಸ್ಟ್ಯಾಂಡಿಗೆ ತಿರುಗಿ ನಿಂತಿತು. ಚಾ ಕುಡಿಯೋರು ಇಳೀರಿ, ಇನ್ನ ಹದಿನೈದು ನಿಮಿಷ ಗಾಡಿ ಬಿಡಲ್ಲ ಎಂದ ಕಂಡಕ್ಟರ್.